ಆಕೃತಿ ತಿರುಗಿಸುವ ಪ್ರಶ್ನೆಗೆ ಯಾವ ಅಭ್ಯಾಸ ಒಳ್ಳೆಯದು? ಆಲೂಗಡ್ಡೆಯೋ, ಪೆನ್ಸಿಲ್ಲೋ, ಪುಸ್ತಕವೋ, ಮೊಬೈಲೋ?

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದಳು. ಅವಳಿಗೆ ಆರ್ಕಿಟೆಕ್ಚರ್ ಓದುವ ಆಸೆ. ನಾಟಾ ಪರೀಕ್ಷೆಗೆ ತಯಾರಿ ನಡೆಸಿದ್ದಳು. ಒಂದು ಬೆಳಿಗ್ಗೆ ನಾನು ಪಲ್ಯಕ್ಕೆ ಆಲೂಗಡ್ಡೆ ಹೆಚ್ಚುತ್ತಿದ್ದಾಗ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಪುಟ್ಟ ಪುಟ್ಟ ಘನಗಳನ್ನು ಜೋಡಿಸಿ ಮಾಡಿದ ಒಂದು ಆಕೃತಿ. ಅದರ ಪಕ್ಕದಲ್ಲಿ ಅದನ್ನೇ ತಿರುಗಿಸಿದಂತೆ ಕಾಣುವ ನಾಲ್ಕು ಆಯ್ಕೆಗಳು.

"ಚಿಕ್ಕಮ್ಮಾ, ಬಿ-ನೂ ಡಿ-ನೂ ಎರಡೂ ಒಂದೇ ಅಲ್ವಾ? ಉತ್ತರ ಮಾತ್ರ ಡಿ ಅಂತ ಕೊಟ್ಟಿದ್ದಾರೆ."

ನಾನು ಬಾಯಲ್ಲಿ ಹೇಳಲು ಹೋಗಲಿಲ್ಲ. ಆಲೂಗಡ್ಡೆಯನ್ನು ದಾಳದ ಗಾತ್ರಕ್ಕೆ ಹತ್ತು ತುಂಡು ಮಾಡಿದೆ. ಹೊಸ ಪೊರಕೆಯಿಂದ ನಾಲ್ಕೈದು ತೆಂಗಿನ ಕಡ್ಡಿ ಎಳೆದು ಚೂರು ಮಾಡಿದೆ. ಮೂರು ತುಂಡು ಉದ್ದಕ್ಕೆ ಚುಚ್ಚಿದೆ. ಹತ್ತಿರದ ತುದಿಯಲ್ಲಿ ಒಂದು ತುಂಡು ಮೇಲಕ್ಕೆ, ಆಚೆ ತುದಿಯಲ್ಲಿ ಒಂದು ತುಂಡು ಬಲಕ್ಕೆ. ಉಳಿದ ಐದರಲ್ಲಿ ಇನ್ನೊಂದು ಆಕೃತಿ ಮಾಡಿದೆ. ಎಲ್ಲಾ ಅದೇ ಥರ, ಆಚೆ ತುದಿಯ ತುಂಡು ಮಾತ್ರ ಎಡಕ್ಕೆ. ಎರಡನ್ನೂ ಅವಳ ಕೈಗೆ ಕೊಟ್ಟು, "ಇದನ್ನ ತಿರುಗಿಸಿ ಅದರ ಥರಾನೇ ಕೂರಿಸು ನೋಡೋಣ" ಅಂದೆ.

ಮೇಲೆ ಕೆಳಗೆ ಮಾಡಿದಳು. ಉರುಳಿಸಿದಳು. ತಲೆಕೆಳಗೆ ಹಿಡಿದಳು. ಒಗ್ಗರಣೆ ಮುಗಿಯುವ ಹೊತ್ತಿಗೆ ಅವಳೇ ಹೇಳಿದಳು: "ಆಗಲ್ಲ ಚಿಕ್ಕಮ್ಮ. ಒಂದು ಎಡಗಾಲಿನ ಚಪ್ಪಲಿ, ಇನ್ನೊಂದು ಬಲಗಾಲಿನದು."

ಅಷ್ಟು ಹೊತ್ತಿಗಾಗಲೇ ಅವಳು ಒಂದು ದಪ್ಪ ಪುಸ್ತಕ ಪೂರ್ತಿ ಮುಗಿಸಿದ್ದಳು. ಮೊಬೈಲಿನಲ್ಲಿ ದಿನಾ ಟೆಸ್ಟ್ ಬರೆಯುತ್ತಿದ್ದಳು. ಪ್ರಶ್ನೆಗಳಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬೇರೆ ಕಡೆ, ಅದಕ್ಕೆ ಬೇಕಾದ ಮದ್ದು ಆ ಪುಸ್ತಕದಲ್ಲಿ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳು ನವೋದಯ ಶಾಲೆಯ ಪ್ರವೇಶ ಪರೀಕ್ಷೆ, ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಅಂತ ಬಂದು ಕೂರುತ್ತಾರೆ. ರೈಲ್ವೆ ಕೆಲಸಕ್ಕೆ ಓದುವ ದೊಡ್ಡ ಹುಡುಗರೂ ಆಗಾಗ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಮಿಸ್, ಯಾವ ಪುಸ್ತಕ ತಗೊಳ್ಳಲಿ? ಯಾವ ಆ್ಯಪ್ ಒಳ್ಳೇದು?" ಅದಕ್ಕೆ ನಾನು ಮೊದಲು ಕೇಳುವುದು, ನೀನು ತಪ್ಪುತ್ತಿರುವುದು ಎಲ್ಲಿ ಅಂತ. ಅಭ್ಯಾಸದ ದಾರಿ ಆರಿಸಬೇಕಾದದ್ದು ನಮ್ಮ ತಪ್ಪನ್ನು ನೋಡಿ.

ಮೊದಲು ನಿಮ್ಮ ತಪ್ಪು ಯಾವುದು ಅಂತ ನೋಡಿ

ಇಪ್ಪತ್ತು ಪ್ರಶ್ನೆ ತೆಗೆದುಕೊಳ್ಳಿ. ಗಡಿಯಾರ ಬೇಡ. ನಿಧಾನವಾಗಿ ಬಿಡಿಸಿ. ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿ: ಖಂಡಿತ ಗೊತ್ತಿತ್ತೋ, ಎರಡರ ನಡುವೆ ಅನುಮಾನ ಇತ್ತೋ, ಸುಮ್ನೆ ಊಹಿಸಿದ್ದೋ. ಆಮೇಲೆ ಉತ್ತರ ತಾಳೆ ನೋಡಿ.

ತಪ್ಪು ಮೂರು ಥರ ಬರುತ್ತವೆ. ಚಿತ್ರ ನೋಡಿದರೆ ಅದು ಗಟ್ಟಿ ವಸ್ತುವಾಗಿ ಕಾಣುವುದೇ ಇಲ್ಲ, ಬರೀ ಗೆರೆಗಳ ರಾಶಿಯಾಗಿ ಕಾಣುತ್ತದೆ ಅನ್ನುವುದು ಒಂದು. ಆಕೃತಿ ಕಾಣುತ್ತದೆ, ತಿರುಗಿಸಲೂ ಬರುತ್ತದೆ, ಆದರೆ ಅದರ ಕನ್ನಡಿ ಬಿಂಬ ಆಯ್ಕೆಯಲ್ಲಿ ಇದ್ದರೆ ಮೋಸ ಹೋಗುತ್ತೇವೆ ಅನ್ನುವುದು ಎರಡನೆಯದು. ಉತ್ತರ ಎಲ್ಲಾ ಸರಿ, ಆದರೆ ಒಂದೊಂದಕ್ಕೆ ಎರಡು ನಿಮಿಷ ಬೇಕು ಅನ್ನುವುದು ಮೂರನೆಯದು.

ನನ್ನ ಬಳಿ ಬರುವವರಲ್ಲಿ ಎರಡನೆಯ ಗುಂಪಿನವರೇ ಜಾಸ್ತಿ. ಪ್ರಶ್ನೆ ತಯಾರಿಸುವವರಿಗೂ ಅದು ಗೊತ್ತು. ಅದಕ್ಕೇ ನಾಲ್ಕು ಆಯ್ಕೆಗಳಲ್ಲಿ ಒಂದೋ ಎರಡೋ ಕನ್ನಡಿ ಬಿಂಬ ಇಟ್ಟಿರುತ್ತಾರೆ.

ಇನ್ನೊಂದು ಮಾತು. "ಹುಡುಗಿಯರಿಗೆ ಇದು ಬರಲ್ಲ", "ಇದು ಹುಟ್ಟಿನಿಂದಲೇ ಬರಬೇಕು" ಅಂತ ಹೇಳುವವರು ಇದ್ದಾರೆ. ದಯವಿಟ್ಟು ನಂಬಬೇಡಿ. ಇಂಥ ಅಭ್ಯಾಸದ ಬಗ್ಗೆ ನಡೆದ 217 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ 2013ರಲ್ಲಿ ಬಂತು. ಅಭ್ಯಾಸದಿಂದ ಈ ಶಕ್ತಿ ಬೆಳೆಯುತ್ತದೆ, ಹುಡುಗರಲ್ಲೂ ಹುಡುಗಿಯರಲ್ಲೂ ಬೆಳೆಯುತ್ತದೆ, ಬೆಳೆದದ್ದು ಉಳಿಯುತ್ತದೆ ಅನ್ನುವುದು ಅದರಲ್ಲಿ ಕಂಡುಬಂತು. ಅಮೆರಿಕದ ಮಿಷಿಗನ್ ಟೆಕ್‌ನಲ್ಲಿ ಶೆರಿಲ್ ಸೋರ್ಬಿ ಅನ್ನುವ ಪ್ರಾಧ್ಯಾಪಕಿ 1993ರಲ್ಲೇ ಇಂಥ ಒಂದು ಕೋರ್ಸ್ ಶುರು ಮಾಡಿದರು. ಎಂಜಿನಿಯರಿಂಗ್ ಸೇರಿದ ಮಕ್ಕಳಿಗೆ 30 ಪ್ರಶ್ನೆಗಳ ಒಂದು ತಿರುಗಿಸುವ ಪರೀಕ್ಷೆ ಕೊಟ್ಟು, ಅದರಲ್ಲಿ ಶೇ. 60 ದಾಟದವರನ್ನು ಕೂರಿಸಿ ಕಲಿಸಿದರು. ಘನಗಳನ್ನು ಕೈಯಲ್ಲಿ ಜೋಡಿಸುವುದು, ಪೆನ್ಸಿಲ್ ಹಿಡಿದು ಬಿಡಿಸುವುದು, ಇದೇ ಅಲ್ಲಿನ ಮುಖ್ಯ ಕೆಲಸ. ಇದು ಕಲಿಯಲು ಬರುವ ವಿದ್ಯೆ.

ನಿಮ್ಮ ಪರೀಕ್ಷೆ ಕಾಗದದ ಮೇಲೋ, ಪರದೆಯ ಮೇಲೋ?

ಇದನ್ನು ಯಾರೂ ಯೋಚಿಸುವುದಿಲ್ಲ. ಆದರೆ ಅಭ್ಯಾಸದ ದಾರಿ ಆರಿಸುವಾಗ ಇದು ತುಂಬಾ ಮುಖ್ಯ.

ಐದನೇ ಕ್ಲಾಸಿನ ಮಕ್ಕಳು ಬರೆಯುವ ನವೋದಯ ಪರೀಕ್ಷೆ ಕಾಗದದ ಮೇಲೆ ನಡೆಯುತ್ತದೆ. ಅದರ ಮೆಂಟಲ್ ಎಬಿಲಿಟಿ ಭಾಗ ಪೂರ್ತಿ ಚಿತ್ರಗಳೇ. 40 ಪ್ರಶ್ನೆ, 60 ನಿಮಿಷ, 50 ಅಂಕ. ಅಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ನೆಗೆಟಿವ್ ಮಾರ್ಕ್ ಇಲ್ಲ. ಎಂಟನೇ ಕ್ಲಾಸಿನ ಎನ್‌ಎಂಎಂಎಸ್‌ನಲ್ಲಿ ಮೊದಲ ಪತ್ರಿಕೆಗೆ 90 ಪ್ರಶ್ನೆ, 90 ನಿಮಿಷ. ಪ್ರಶ್ನೆಗೆ ಒಂದೇ ನಿಮಿಷ. ಎರಡರಲ್ಲೂ ಪ್ರಶ್ನೆಪತ್ರಿಕೆ ಕೈಯಲ್ಲಿರುತ್ತದೆ. ಅದನ್ನು ಡೆಸ್ಕಿನ ಮೇಲೆ ಹಾಗೇ ಓರೆ ಮಾಡಿ, ತಲೆಕೆಳಗೆ ತಿರುಗಿಸಿ ನೋಡಬಹುದು. ಚಪ್ಪಟೆ ಆಕೃತಿಗಳಿಗೆ ಇದು ದೊಡ್ಡ ಅನುಕೂಲ.

ಪರದೆಯ ಮೇಲಿನ ಪರೀಕ್ಷೆಯಲ್ಲಿ ಈ ಅನುಕೂಲ ಇಲ್ಲ. ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗೆ 60 ನಿಮಿಷ, ಅಂದರೆ ಒಂದಕ್ಕೆ 36 ಸೆಕೆಂಡು. ತಪ್ಪಿಗೆ ಅರ್ಧ ಅಂಕ ಕಡಿತ. ವಾಯುಪಡೆಯ ಎಎಫ್‌ಕ್ಯಾಟ್‌ನಲ್ಲಿ 100 ಪ್ರಶ್ನೆಗೆ 2 ಗಂಟೆ, ತಪ್ಪಿಗೆ ಒಂದು ಅಂಕ ಕಡಿತ. ಘನಗಳ ಆಕೃತಿ ತಿರುಗಿಸುವ ಪ್ರಶ್ನೆಗಳು ಅಲ್ಲಿ ನೇರವಾಗಿಯೇ ಬರುತ್ತವೆ. ಬಿ.ಆರ್ಕ್‌ಗೆ ಜೆಇಇ ಮೇನ್‌ನ 2ಎ ಪತ್ರಿಕೆ ಬರೆಯುವವರಿಗೆ ಆಪ್ಟಿಟ್ಯೂಡ್ ಭಾಗದಲ್ಲಿ 50 ಪ್ರಶ್ನೆ, 200 ಅಂಕ. ಡಿಸೈನ್ ಓದಲು ಬರೆಯುವ ಯುಸೀಡ್‌ನಲ್ಲೂ ಇದಕ್ಕೆ ಜಾಗ ಇದೆ.

ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಓದುವವರ ಕಥೆ ಸ್ವಲ್ಪ ಬೇರೆ. ಅವರ ಕೊನೆಯ ಆಪ್ಟಿಟ್ಯೂಡ್ ಟೆಸ್ಟಿನಲ್ಲಿ ಇಟ್ಟಿಗೆ ಪೇರಿಸಿದ ಚಿತ್ರ ಕೊಟ್ಟು, ಗುರುತು ಮಾಡಿದ ಇಟ್ಟಿಗೆಯನ್ನು ಎಷ್ಟು ಇಟ್ಟಿಗೆಗಳು ಮುಟ್ಟಿವೆ ಅಂತ ಕೇಳುತ್ತಾರೆ. ಅಲ್ಲಿ ತಿರುಗಿಸುವುದಿಲ್ಲ. ಕಾಣದ ಇಟ್ಟಿಗೆಯನ್ನು ಕಾಣಬೇಕು. ಒಂದೊಂದು ಭಾಗದಲ್ಲೂ 42ರ ಟಿ-ಸ್ಕೋರ್ (ಬರೆದ ಎಲ್ಲರ ಅಂಕದ ಜೊತೆ ಹೋಲಿಸಿ ಲೆಕ್ಕ ಹಾಕುವ ಅಂಕ) ಬೇಕೇ ಬೇಕು. ಒಂದರಲ್ಲಿ ಕಡಿಮೆಯಾದರೆ ಬೇರೆ ಭಾಗದ ಅಂಕ ಕೈ ಹಿಡಿಯುವುದಿಲ್ಲ. ಈ ಟೆಸ್ಟ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರು ಸೂಚನೆಗಳನ್ನು ಇಂಗ್ಲಿಷಿನಲ್ಲಿ ಓದುವುದನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು.

ಹಾಗಾಗಿ, ನಿಮ್ಮದು ಪರದೆಯ ಪರೀಕ್ಷೆಯಾದರೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಪುಸ್ತಕ ತಿರುಗಿಸುವುದನ್ನು ಇಂದೇ ಬಿಡಿ. ಕಾಗದದ ಪರೀಕ್ಷೆಯಾದರೆ ಮಗುವಿಗೆ ಪತ್ರಿಕೆ ತಿರುಗಿಸಲು ಹೇಳಿಕೊಡಿ. ಎಷ್ಟೋ ಮಕ್ಕಳು ಅದು ತಪ್ಪು ಅಂದುಕೊಂಡು ಕತ್ತು ಓರೆ ಮಾಡುತ್ತಾ ಕೂರುತ್ತಾರೆ. ಅಂಕ, ಸಮಯದ ಲೆಕ್ಕ ಆಗಾಗ ಬದಲಾಗುತ್ತದೆ, ಆ ವರ್ಷದ ಅಧಿಸೂಚನೆ ನೋಡಿಕೊಳ್ಳಿ.

ಪೂರ್ತಿ ತಿರುಗಿಸುವುದೋ, ಗುರುತು ಹಿಡಿದು ನೋಡುವುದೋ?

ಸಲಕರಣೆಗಿಂತ ಮೊದಲು ವಿಧಾನದ ಮಾತು. ಈ ಪ್ರಶ್ನೆ ಬಿಡಿಸಲು ಎರಡು ದಾರಿ ಇವೆ. ಯಾವುದು ನಿಮಗೆ ಒಗ್ಗುತ್ತದೆ ಅಂತ ಗೊತ್ತಾದರೆ ಉಳಿದದ್ದು ಸಲೀಸು.

ಒಂದು, ಇಡೀ ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸುವುದು. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹತ್ತು ಘನಗಳ ಆಕೃತಿಗಳ ಜೋಡಿಗಳನ್ನು ಎಂಟು ಜನರಿಗೆ ತೋರಿಸಿ, ಎರಡೂ ಒಂದೇನಾ ಅಂತ ಕೇಳಿದರು. ಆಕೃತಿ ಎಷ್ಟು ಡಿಗ್ರಿ ತಿರುಗಿದೆಯೋ ಅಷ್ಟಕ್ಕೆ ಸರಿಯಾಗಿ ಉತ್ತರಕ್ಕೆ ಹಿಡಿಯುವ ಸಮಯವೂ ಹೆಚ್ಚಾಗುತ್ತಾ ಹೋಯಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 60 ಡಿಗ್ರಿ. ಅಂದರೆ ಮನಸ್ಸು ನಿಜವಾಗಿಯೂ ವಸ್ತುವನ್ನು ಮೆಲ್ಲಗೆ ತಿರುಗಿಸುತ್ತದೆ. ಇವತ್ತು ನಮ್ಮ ಪರೀಕ್ಷೆಗಳಲ್ಲಿ ಬರುವ ಸೊಟ್ಟ ಘನಾಕೃತಿಗಳು ಆ ಪ್ರಯೋಗದ ಚಿತ್ರಗಳ ಮಕ್ಕಳು, ಮೊಮ್ಮಕ್ಕಳು.

ಈ ಲೆಕ್ಕವನ್ನೇ ನಮ್ಮ ಪರೀಕ್ಷೆಗೆ ಹಾಕಿ ನೋಡಿ. ಪೂರ್ತಿ ಅರ್ಧ ಸುತ್ತು ತಿರುಗಿಸಲು ಮೂರೇ ಸೆಕೆಂಡು. ನಾಲ್ಕು ಆಯ್ಕೆ ನೋಡಿದರೂ 36 ಸೆಕೆಂಡಿನೊಳಗೆ ಮುಗಿಯಬೇಕು. ಆದರೂ ಸಮಯ ಯಾಕೆ ಸಾಲುವುದಿಲ್ಲ? ತಿರುಗಿಸುವಾಗ ಅಲ್ಲ, ತಿರುಗಿಸಿದ ಮೇಲೆ ಬರುವ ಅನುಮಾನದಲ್ಲಿ ಸಮಯ ಹೋಗುತ್ತದೆ. ಬಿ-ಗೆ ಹೋಗಿ, ಡಿ-ಗೆ ಬಂದು, ಮತ್ತೆ ಬಿ-ಗೆ ಹೋಗುತ್ತೇವೆ.

ಆ ಅನುಮಾನ ಕಳೆಯುವುದು ಎರಡನೆಯ ದಾರಿ. ಆಕೃತಿಯಲ್ಲಿ ಮೂರು ಗುರುತು ಹಿಡಿದು, ಅವುಗಳ ಕ್ರಮ ನೋಡುವುದು.

ಚಪ್ಪಟೆ ಆಕೃತಿಗೆ ಹೀಗೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲಿ ಆಕೃತಿಯ ಸುತ್ತ ಬನ್ನಿ. ಉದಾಹರಣೆಗೆ ಕಪ್ಪು ಚುಕ್ಕಿ, ಬಾಣ, ತ್ರಿಕೋನ ಅಂತ ಕ್ರಮ ಸಿಕ್ಕಿತು ಅನ್ನೋಣ. ಆಯ್ಕೆಯಲ್ಲೂ ಚುಕ್ಕಿಯಿಂದ ಹೊರಟು ಹಾಗೇ ಪ್ರದಕ್ಷಿಣೆ ಬನ್ನಿ. ಚುಕ್ಕಿ, ಬಾಣ, ತ್ರಿಕೋನ ಅಂತಲೇ ಬಂದರೆ ತಿರುಗಿಸಿದ್ದು. ಚುಕ್ಕಿ, ತ್ರಿಕೋನ, ಬಾಣ ಅಂತ ಬಂದರೆ ಕನ್ನಡಿ ಬಿಂಬ. ಎಷ್ಟೇ ಡಿಗ್ರಿ ತಿರುಗಿಸಿದರೂ ಈ ಕ್ರಮ ಬದಲಾಗುವುದಿಲ್ಲ. ಐದನೇ ಕ್ಲಾಸಿನ ಮಗುವಿಗೂ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು.

ಘನಾಕೃತಿಗೆ ಗಡಿಯಾರ ಬೇಕು. ಒಂದೇ ಸಮತಟ್ಟಿನಲ್ಲಿ ಇರದ, ಒಂದಾದ ಮೇಲೊಂದು ಬರುವ ಮೂರು ತೋಳು ಹುಡುಕಿ. ನಡುವಿನ ತೋಳನ್ನು ಕೊಳವೆ ಅಂದುಕೊಂಡು, ಒಂದು ತುದಿಯಿಂದ ಕಣ್ಣಿಟ್ಟು ಉದ್ದಕ್ಕೆ ನೋಡಿದಂತೆ ಭಾವಿಸಿ. ನಿಮ್ಮ ಹತ್ತಿರದ ತೋಳು 12 ಗಂಟೆಗೆ ನಿಂತಿದೆ ಅಂದುಕೊಳ್ಳಿ. ಆಚೆಯ ತೋಳು 3 ಗಂಟೆಗೆ ಇದೆಯಾ, 9 ಗಂಟೆಗೆ ಇದೆಯಾ? ಅಷ್ಟೇ ಪ್ರಶ್ನೆ. ನಾನು ಮಾಡಿದ ಮೊದಲ ಆಲೂಗಡ್ಡೆ ಆಕೃತಿ '3 ಗಂಟೆ'ಯದು, ಎರಡನೆಯದು '9 ಗಂಟೆ'ಯದು. ಇದರಲ್ಲಿ ಒಂದು ಚೆಂದ ಇದೆ: ಆ ಕಡೆ ತುದಿಯಿಂದ ನೋಡಿದರೂ ಉತ್ತರ ಅದೇ ಬರುತ್ತದೆ. ಬೇಕಾದರೆ ಮಾಡಿ ನೋಡಿ. ತೋಳುಗಳ ಉದ್ದವನ್ನೂ ಎಣಿಸಿಕೊಳ್ಳಿ, ಕೆಲವು ಆಯ್ಕೆಗಳಲ್ಲಿ ಒಂದು ಘನ ಜಾಸ್ತಿಯೋ ಕಡಿಮೆಯೋ ಮಾಡಿರುತ್ತಾರೆ.

ಯಾವ ಅಂಕಿಯ ಎದುರು ಯಾವುದು ಅಂತ ಕೇಳುವ ದಾಳದ ಪ್ರಶ್ನೆಗೂ ಇದೇ ಪ್ರದಕ್ಷಿಣೆ ಸಾಕು. ಎರಡು ನೋಟಗಳಲ್ಲಿ ಒಂದೇ ಅಂಕಿ ಸಮಾನವಾಗಿದ್ದರೆ, ಅದರಿಂದ ಹೊರಟು ಎರಡರಲ್ಲೂ ಪ್ರದಕ್ಷಿಣೆಯಾಗಿ ಬರೆಯಿರಿ. ಒಂದರಲ್ಲಿ 2, 4, 1. ಇನ್ನೊಂದರಲ್ಲಿ 2, 3, 6 ಬಂತು ಅನ್ನಿ. 4ರ ಎದುರು 3, 1ರ ಎದುರು 6. ಎರಡು ಅಂಕಿ ಸಮಾನವಾಗಿದ್ದರೆ ಇನ್ನೂ ಸುಲಭ: ಉಳಿದ ಎರಡು ಎದುರು ಬದುರು. ಅಂಗಡಿಯ ದಾಳದಲ್ಲಿ ಎದುರು ಮುಖಗಳ ಮೊತ್ತ 7 ಇರುತ್ತದೆ ಅಂತ ಪರೀಕ್ಷೆಯಲ್ಲಿ ಹಾಗೇ ಹಾಕಿಬಿಡಬೇಡಿ. ಈಗಷ್ಟೇ ಕೊಟ್ಟ ಉದಾಹರಣೆಯಲ್ಲೂ 1 ಮತ್ತು 6 ಏನೋ ಏಳಾಯಿತು, 2ರ ಎದುರು 5 ಕೂಡ ಬಂತು, 4 ಮತ್ತು 3 ಕೂಡ ಏಳೇ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಹಾಗೆ ಬರದ ದಾಳಗಳು ಎಷ್ಟೋ ಇರುತ್ತವೆ.

ಪೂರ್ತಿ ತಿರುಗಿಸುವುದು, ಗುರುತು ಹಿಡಿಯುವುದು, ಈ ಎರಡು ದಾರಿಗಳಲ್ಲಿ ಯಾವುದು ಮೇಲು? ನನ್ನ ಅನುಭವದಲ್ಲಿ ಪೂರ್ತಿ ತಿರುಗಿಸಿ ಉತ್ತರ ಹುಡುಕಿ, ಗುರುತು ಹಿಡಿದು ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಆದರೆ "ಕಣ್ಣು ಮುಚ್ಚಿದರೆ ನನಗೆ ಏನೂ ಕಾಣಿಸಲ್ಲ ಮಿಸ್" ಅನ್ನುವ ಮಕ್ಕಳೂ ಇದ್ದಾರೆ. ಅದು ನಿಜ, ಕೆಲವರ ಮನಸ್ಸು ಚಿತ್ರ ಬಿಡಿಸುವುದಿಲ್ಲ. ಅವರನ್ನು ಒತ್ತಾಯಿಸಬೇಡಿ. ಗುರುತಿನ ದಾರಿಯಲ್ಲೇ ಅವರು ಪೂರ್ತಿ ಅಂಕ ತೆಗೆಯಬಹುದು.

ಕೈಯಲ್ಲಿ ಹಿಡಿಯುವ ವಸ್ತು

ಮೊದಲ ಗುಂಪಿನವರಿಗೆ, ಅಂದರೆ ಚಿತ್ರ ಗಟ್ಟಿ ವಸ್ತುವಾಗಿ ಕಾಣದವರಿಗೆ, ಇದನ್ನು ಬಿಟ್ಟು ಬೇರೆ ಶುರು ಇಲ್ಲ. ಎರಡನೆಯ ಗುಂಪಿನವರಿಗೂ ಒಂದು ವಾರ ಇದು ಬೇಕು. ಆಲೂಗಡ್ಡೆ ಸಂಜೆ ಹೊತ್ತಿಗೆ ಕಪ್ಪಾಗಿ ಸಡಿಲವಾಗುತ್ತದೆ. ದಿನಾ ಬೇಕಾದರೆ ಹತ್ತು ಪ್ಲಾಸ್ಟಿಕ್ ದಾಳ ತಂದು ಫೆವಿಕ್ವಿಕ್ ಹಾಕಿ ಅಂಟಿಸಿ. ಬಟ್ಟೆ ಸೋಪನ್ನು ಕೊಯ್ದರೂ ಆಗುತ್ತದೆ. ಮನೆಯಲ್ಲಿ ಮಕ್ಕಳ ಮರದ ಘನಗಳಿದ್ದರೆ ಇನ್ನೂ ಒಳ್ಳೆಯದು. ರೂಬಿಕ್ಸ್ ಕ್ಯೂಬ್ ಮಾತ್ರ ಇದಕ್ಕೆ ಸರಿಹೋಗುವುದಿಲ್ಲ, ಅದರಲ್ಲಿ ಕಲಿಯುವುದು ಬೇರೆಯೇ ವಿದ್ಯೆ.

ಸುಮ್ನೆ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಕೂತರೆ ಏನೂ ಬರುವುದಿಲ್ಲ. ಮೊದಲು ಹೇಳಬೇಕು, ಆಮೇಲೆ ತಿರುಗಿಸಬೇಕು. ವಸ್ತುವನ್ನು ಮೇಜಿನ ಮೇಲೆ ಇಡಿ. "ಇದನ್ನು ನನ್ನ ಕಡೆಗೆ ಒಂದು ಸಲ ಮಗುಚಿದರೆ ಈ ತುಂಡು ಎಲ್ಲಿಗೆ ಬರುತ್ತದೆ?" ಬೆರಳಲ್ಲಿ ಗಾಳಿಯಲ್ಲಿ ತೋರಿಸಿ. ಆಮೇಲೆ ಮಗುಚಿ ನೋಡಿ. ತಪ್ಪಿದರೆ ಬೇಸರ ಬೇಡ, ಕಲಿಕೆ ನಡೆಯುವುದು ಆ ಗಳಿಗೆಯಲ್ಲೇ. ದಿನಕ್ಕೆ ಹತ್ತು ಸಲ ಹೀಗೆ ಮಾಡಿದರೆ ಸಾಕು.

ಅಕ್ಕನ ಮಗಳು ಇದಕ್ಕೆ ಒಂದು ಒಳ್ಳೆಯ ಉಪಾಯ ಸೇರಿಸಿದಳು. ದಾಳದ ಆಕೃತಿಯನ್ನು ಬೇರೆ ಬೇರೆ ಕೋನದಲ್ಲಿ ಇಟ್ಟು ಮೊಬೈಲಿನಲ್ಲಿ ಹನ್ನೆರಡು ಫೋಟೋ ತೆಗೆದಳು. ಅದರಲ್ಲಿ ಆರನ್ನು ಎಡಿಟ್‌ಗೆ ಹೋಗಿ 'ಫ್ಲಿಪ್' ಮಾಡಿದಳು. ಫ್ಲಿಪ್ ಮಾಡಿದ ಫೋಟೋ ಅಂದರೆ ಕನ್ನಡಿ ಆಕೃತಿಯ ಫೋಟೋನೇ. ಎಲ್ಲವನ್ನೂ ಕಲೆಸಿ, ಮಾರನೆಯ ದಿನ ನೋಡಿ, ಯಾವುದು ಮೂಲ, ಯಾವುದು ಕನ್ನಡಿ ಅಂತ ಹೇಳುವುದು. ಅನುಮಾನ ಬಂದರೆ ವಸ್ತು ಪಕ್ಕದಲ್ಲೇ ಇದೆ. ಕೈಯಿಂದ ಪರದೆಗೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆ ನಾನು ನೋಡಿಲ್ಲ. ಖರ್ಚಂತೂ ಇಲ್ಲವೇ ಇಲ್ಲ.

ಈ ದಾರಿಯ ಕೊರತೆ ಏನೆಂದರೆ, ಇದು ವೇಗ ಕಲಿಸುವುದಿಲ್ಲ. ಎರಡು ವಾರಕ್ಕಿಂತ ಜಾಸ್ತಿ ಇದಕ್ಕೇ ಅಂಟಿಕೊಂಡರೆ ಕೈಯಲ್ಲಿ ವಸ್ತು ಇಲ್ಲದೆ ಯೋಚಿಸಲು ಆಗದ ಅಭ್ಯಾಸ ಬರುತ್ತದೆ.

ಪೆನ್ಸಿಲ್, ಬಟರ್ ಪೇಪರ್

ನವೋದಯಕ್ಕೆ ಓದುವ ಮಗುವಿಗೆ ಒಂದೇ ಒಂದು ಸಲಕರಣೆ ಕೊಡಿಸಿ ಅಂದರೆ ನಾನು ಬಟರ್ ಪೇಪರ್ ಅನ್ನುತ್ತೇನೆ. ಪ್ರಶ್ನೆಯ ಆಕೃತಿಯ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಅಚ್ಚು ತೆಗೆಯಬೇಕು. ನಡುವೆ ಗುಂಡುಪಿನ್ನು ಚುಚ್ಚಿ ತಿರುಗಿಸಿದರೆ ತಿರುಗಿದ ಆಕೃತಿ. ಹಾಳೆಯನ್ನು ಮಗುಚಿ ಹಾಕಿದರೆ ಕನ್ನಡಿ ಬಿಂಬ. ತಿರುಗಿಸುವುದು ಬೇರೆ, ಮಗುಚುವುದು ಬೇರೆ ಅನ್ನುವುದು ಮಗುವಿನ ಕೈಗೇ ಗೊತ್ತಾಗುತ್ತದೆ. ಮಡಚಿ ತೂತು ಮಾಡುವ ಪ್ರಶ್ನೆಗೂ ಅಷ್ಟೇ, ಹಳೆಯ ಪೇಪರ್ ಮಡಚಿ ಕತ್ತರಿಯಲ್ಲಿ ತೂತು ಮಾಡಿ ಬಿಡಿಸಿ ನೋಡಲಿ.

ದೊಡ್ಡವರು, ಅದರಲ್ಲೂ ನಾಟಾ, ಯುಸೀಡ್ ಬರೆಯುವವರು, ಚುಕ್ಕಿ ಹಾಳೆಯ ಮೇಲೆ ಘನಾಕೃತಿಗಳನ್ನು ಬಿಡಿಸಬೇಕು. ಒಂದೇ ಆಕೃತಿಯನ್ನು ನಾಲ್ಕು ಮೂಲೆಯಿಂದ. ಇದು ನಿಧಾನದ ಕೆಲಸ. ಒಂದು ಆಕೃತಿಗೆ ಕಾಲು ಗಂಟೆ ಬೇಕು. ಆದರೆ ಆ ಕಾಲು ಗಂಟೆಯಲ್ಲಿ ಕಲಿಯುವುದು ಐವತ್ತು ಪ್ರಶ್ನೆ ಟಿಕ್ ಮಾಡಿದರೂ ಬರುವುದಿಲ್ಲ. ಬಿಡಿಸುವಾಗ ಆಕೃತಿಯ ಒಂದು ತುಂಡೂ ಕಣ್ಣು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಈ ಎರಡೂ ಪರೀಕ್ಷೆಗಳಲ್ಲಿ ಚಿತ್ರ ಬಿಡಿಸುವ ಭಾಗ ಬೇರೆಯೇ ಇರುವುದರಿಂದ ಆ ಕೆಲಸಕ್ಕೂ ಇದು ಒದಗುತ್ತದೆ. ರೈಲ್ವೆಯ ಇಟ್ಟಿಗೆ ಪ್ರಶ್ನೆಗೆ ಬೆಂಕಿಪೊಟ್ಟಣ ಪೇರಿಸಿ, ಅದನ್ನು ನೋಡಿ ಬಿಡಿಸಿ. ಹಿಂದೆ ಅಡಗಿದ ಇಟ್ಟಿಗೆ ಯಾಕೆ ಇರಲೇಬೇಕು ಅನ್ನುವುದು ಆಗ ಅರ್ಥವಾಗುತ್ತದೆ.

ಪುಸ್ತಕ

ಪುಸ್ತಕ ಬೇಕು. ಬಗೆಬಗೆಯ ಪ್ರಶ್ನೆಗಳ ಪರಿಚಯ ಆಗುವುದು ಅದರಿಂದಲೇ. ಆದರೆ ಕೊಳ್ಳುವಾಗ ಪ್ರಶ್ನೆಗಳ ಸಂಖ್ಯೆ ನೋಡಬೇಡಿ, ಕೊನೆಯ ಪುಟಗಳನ್ನು ನೋಡಿ. ಬರೀ ಎ, ಸಿ, ಬಿ, ಡಿ ಅಂತ ಉತ್ತರ ಇದ್ದರೆ ವಾಪಸ್ ಇಡಿ. ಉಳಿದ ಮೂರು ಯಾಕೆ ತಪ್ಪು ಅಂತ ಚಿತ್ರ ಹಾಕಿ ತೋರಿಸಿದ್ದರೆ ತೆಗೆದುಕೊಳ್ಳಿ.

ಉತ್ತರ ಪಟ್ಟಿಯಲ್ಲೇ ತಪ್ಪು ಇರುವ ಪುಸ್ತಕಗಳೂ ಇವೆ. ನನ್ನ ಬಳಿ ಬರುವ ಒಬ್ಬ ಹುಡುಗ ಒಂದು ಪ್ರಶ್ನೆಗೆ ಎರಡು ದಿನ ತಲೆ ಕೆಡಿಸಿಕೊಂಡಿದ್ದ. ಪುಸ್ತಕದ ಉತ್ತರಕ್ಕೆ ತನ್ನ ಬುದ್ಧಿಯನ್ನು ಹೊಂದಿಸಿಕೊಳ್ಳಲು ನೋಡುತ್ತಿದ್ದ. ಬಟರ್ ಪೇಪರ್ ಇಟ್ಟು ನೋಡಿದರೆ ಅವನೇ ಸರಿ, ಪುಸ್ತಕ ಕೊಟ್ಟ ಉತ್ತರ ಕನ್ನಡಿ ಬಿಂಬ. ಇಂಥದ್ದರಿಂದ ಮಕ್ಕಳ ಧೈರ್ಯ ಕುಸಿಯುತ್ತದೆ. ಅದಕ್ಕೇ ನಾನು ಮೊದಲ ಸ್ಥಾನ ಕೊಡುವುದು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿಗೆ. ನಿಜವಾದ ಪ್ರಶ್ನೆಯ ಮಟ್ಟ, ಚಿತ್ರದ ಗಾತ್ರ, ಮುದ್ರಣದ ಮಸುಕು ಎಲ್ಲವೂ ಅದರಲ್ಲೇ ಗೊತ್ತಾಗುತ್ತದೆ.

ಮುಗಿಸಿದ ಪುಸ್ತಕವನ್ನೇ ಎರಡನೇ ಸಲ ಮಾಡಿದಾಗ ಅಂಕ ಜಾಸ್ತಿ ಬಂದರೆ ಹಿಗ್ಗಬೇಡಿ. ನೆನಪಿನಿಂದ ಬಂದದ್ದೂ ಇರುತ್ತದೆ. ಅದೇ ಪುಸ್ತಕವನ್ನು ತಲೆಕೆಳಗೆ ಇಟ್ಟು ಮಾಡಿ ನೋಡಿ, ಪ್ರಶ್ನೆಗಳು ಹೊಸದಾಗುತ್ತವೆ.

ಆ್ಯಪ್, ಆಟ

ಮೂರನೆಯ ಗುಂಪಿನವರಿಗೆ, ಬರುತ್ತದೆ ಆದರೆ ನಿಧಾನ ಅನ್ನುವವರಿಗೆ, ಇದೇ ಸರಿಯಾದ ದಾರಿ. ಗಡಿಯಾರ ಇರುತ್ತದೆ, ಉತ್ತರ ತಕ್ಷಣ ಗೊತ್ತಾಗುತ್ತದೆ, ಪರದೆ ತಿರುಗಿಸಲು ಆಗುವುದಿಲ್ಲ. ಮೊಬೈಲಿಗಿಂತ ಕಂಪ್ಯೂಟರ್ ಒಳ್ಳೆಯದು. ಮೊಬೈಲನ್ನು ಕೈ ತಾನಾಗಿಯೇ ತಿರುಗಿಸಿಬಿಡುತ್ತದೆ. ಊರಿನ ಸೈಬರ್ ಸೆಂಟರಿನಲ್ಲಿ ವಾರಕ್ಕೊಮ್ಮೆ ಕೂತು ಮಾಕ್ ಟೆಸ್ಟ್ ಬರೆದರೂ ಸಾಕು.

ಮೊದಲ ಎರಡು ಗುಂಪಿನವರು ಇದರಿಂದ ಶುರು ಮಾಡಬೇಡಿ. ಅರ್ಥವಾಗದ್ದನ್ನು ಬೇಗ ಬೇಗ ಮಾಡಿದರೆ ಊಹಿಸುವ ಚಟ ಬೆಳೆಯುತ್ತದೆ, ಅಷ್ಟೇ.

ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ಆಟ ಆಡಿದರೆ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. 2002ರಲ್ಲಿ ಸಿಮ್ಸ್ ಮತ್ತು ಮೇಯರ್ ಅನ್ನುವ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಟೆಟ್ರಿಸ್‌ನಲ್ಲಿ ಪಳಗಿದವರು ಟೆಟ್ರಿಸ್ ಥರದ ಆಕೃತಿಗಳನ್ನು ತಿರುಗಿಸುವುದರಲ್ಲಿ ಮುಂದಿದ್ದರು. ಬೇರೆ ಆಕೃತಿ ಕೊಟ್ಟಾಗ ಆ ಮೇಲುಗೈ ಕಾಣಲಿಲ್ಲ. ಹಾಗಾಗಿ ಬಿಡುವಿನಲ್ಲಿ ಆಡಿ, ಓದಿನ ಲೆಕ್ಕಕ್ಕೆ ಸೇರಿಸಬೇಡಿ.

ಕೋಚಿಂಗ್

ದುಡ್ಡು ಜಾಸ್ತಿ ಹೋಗುವುದು ಇಲ್ಲಿ. ಈ ಒಂದು ಬಗೆಯ ಪ್ರಶ್ನೆಗೆ ಅಂತಲೇ ಕೋಚಿಂಗ್ ಸೇರುವುದು ಬೇಡ. ಬೇರೆ ವಿಷಯಕ್ಕೆ ಹೇಗೂ ಸೇರುವುದಾದರೆ ಡೆಮೊ ಕ್ಲಾಸಿಗೆ ಹೋಗಿ ಒಂದೇ ಒಂದು ವಿಷಯ ಗಮನಿಸಿ. ಮಗು ತಪ್ಪು ಉತ್ತರ ಹೇಳಿದಾಗ ಮೇಷ್ಟ್ರು "ಹೇಗೆ ಬಂತು ಹೇಳು" ಅಂತ ಕೇಳುತ್ತಾರಾ, ಸರಿ ಉತ್ತರ ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತಾರಾ?

ಎಷ್ಟು ದಿನ ಇದೆ?

ಮೂರು ತಿಂಗಳು ಇದ್ದರೆ ಮೊದಲ ಎರಡು ವಾರ ವಸ್ತು, ಆಮೇಲೆ ಒಂದು ತಿಂಗಳು ಪೆನ್ಸಿಲ್ ಮತ್ತು ಹಳೆಯ ಪ್ರಶ್ನೆಪತ್ರಿಕೆ, ಉಳಿದ ದಿನ ಗಡಿಯಾರ ಇಟ್ಟುಕೊಂಡು ಪರದೆಯೋ ಕಾಗದವೋ, ನಿಮ್ಮ ಪರೀಕ್ಷೆ ಹೇಗಿದೆಯೋ ಹಾಗೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಒಂದೇ ತಿಂಗಳು ಇದ್ದರೆ ವಸ್ತುವಿಗೆ ನಾಲ್ಕು ದಿನ ಕೊಡಿ, ಬಿಡಬೇಡಿ. ಬರೀ ಹತ್ತು ದಿನ ಉಳಿದಿದ್ದರೆ ಹೊಸ ಪುಸ್ತಕ ಕೊಳ್ಳಬೇಡಿ. ಪ್ರದಕ್ಷಿಣೆಯ ಕ್ರಮ, 3 ಗಂಟೆ-9 ಗಂಟೆ, ದಾಳದ ಎರಡು ಸೂತ್ರ, ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ. ಈ ಮೊದಲು ತಪ್ಪಿದ ಪ್ರಶ್ನೆಗಳನ್ನು ಮಾತ್ರ ಮತ್ತೆ ಬಿಡಿಸಿ, ಪಕ್ಕದಲ್ಲಿ "ಕನ್ನಡಿಗೆ ಮೋಸ ಹೋದೆ", "ಘನ ಎಣಿಸಲಿಲ್ಲ" ಅಂತ ಕಾರಣ ಬರೆಯಿರಿ.

ಪರೀಕ್ಷೆಯ ಹಾಲ್‌ನಲ್ಲಿ ವಸ್ತು ಇರುವುದಿಲ್ಲ, ಬಟರ್ ಪೇಪರ್ ಇರುವುದಿಲ್ಲ. ಕೈ ಇರುತ್ತದೆ. ಮನಸ್ಸಿನಲ್ಲಿ ಆಕೃತಿ ತಿರುಗುವ ದಿಕ್ಕಿನಲ್ಲೇ ಕೈಯನ್ನೂ ತಿರುಗಿಸಿದರೆ ಕೆಲಸ ಬೇಗ ಆಗುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ನಿಧಾನವಾಗುತ್ತದೆ ಅಂತ 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ಹೆಬ್ಬೆರಳು ಮೇಲೆ, ತೋರುಬೆರಳು ಮುಂದೆ, ನಡುಬೆರಳು ಪಕ್ಕಕ್ಕೆ ಚಾಚಿದರೆ ಅದೇ ಮೂರು ತೋಳಿನ ಆಕೃತಿ. ಬಲಗೈಯಲ್ಲಿ ಮಾಡಿದ್ದು ಎಡಗೈಯದರ ಕನ್ನಡಿ ಬಿಂಬ. ಡೆಸ್ಕಿನ ಕೆಳಗೆ, ತೊಡೆಯ ಮೇಲೆ, ಬೆರಳುಗಳನ್ನು ಹಾಗೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ.